ಮಂಗಳೂರಲ್ಲಿ ಹೆರಿಗೆ, ಕಾಸರಗೋಡಲ್ಲಿ ಚುಚ್ಚುಮದ್ದು: ಮಗುವಿನ ಡೋಸುಗಳ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಹೇಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಕಡೆಯ ಎಷ್ಟೋ ಮಕ್ಕಳು ಹುಟ್ಟುವುದು ಮಂಗಳೂರಿನ ಆಸ್ಪತ್ರೆಯಲ್ಲಿ. ಬಾಣಂತನ ವಿಟ್ಲದಲ್ಲೋ ಪುತ್ತೂರಲ್ಲೋ ಇರುವ ಅಜ್ಜಿಮನೆಯಲ್ಲಿ. ಮೂರು ತಿಂಗಳು ಕಳೆದ ಮೇಲೆ ತಾಯಿ ಮಗು ಗಡಿ ದಾಟಿ ಈಚೆ, ಕೇರಳದ ಕಾಸರಗೋಡಿಗೆ ಬರುತ್ತಾರೆ. ಡೋಸು ತಪ್ಪುವುದು ಈ ಓಡಾಟದಲ್ಲೇ. ಲಸಿಕೆಯೇ ಬೇಡ ಎಂದು ಹಟ ಹಿಡಿಯುವ ಮನೆಗಳ ಬಗ್ಗೆ ಮಾತು ಬೇಕಷ್ಟಾಗಿದೆ. ‘ಅದನ್ನು ಅಲ್ಲಿಯೇ ಕೊಟ್ಟಿರಬೇಕು’ ಎಂದುಕೊಂಡು ಸುಮ್ಮನಿರುವ ಮನೆಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ ಬರಹ ಅಂಥ ಮನೆಗಳಿಗೆ.

ಇಲ್ಲಿ ಹೇಳುವುದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆಗಳ ಲಸಿಕೆಗಳ ವಿಷಯ: ಕ್ಷಯ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹಿಬ್ ಮತ್ತು ನ್ಯುಮೋಕಾಕಸ್. ಕೊನೆಯ ಎರಡು ಬ್ಯಾಕ್ಟೀರಿಯಾಗಳು ಎಳೆಯ ಮಕ್ಕಳಿಗೆ ನ್ಯುಮೋನಿಯಾ ಮತ್ತು ಮೆದುಳಿನ ಪೊರೆಯ ಸೋಂಕು ತರುವಂಥವು. ಪೋಲಿಯೊ, ರೋಟಾ, ದಡಾರ–ರುಬೆಲ್ಲಾ ವೈರಸ್ಸಿನ ಕಾಯಿಲೆಗಳು. ಅವುಗಳ ಲಸಿಕೆಯನ್ನೂ ಇದೇ ದಿನಗಳಲ್ಲಿ ಕೊಡುತ್ತಾರೆ, ಆದರೆ ಅವುಗಳ ಲೆಕ್ಕ ಬೇರೆ.

ಸರಕಾರಿ ಪಟ್ಟಿ ಕರ್ನಾಟಕಕ್ಕೂ ಕೇರಳಕ್ಕೂ ಒಂದೇ. ಹುಟ್ಟಿದಾಗ ಕ್ಷಯ ತಡೆಯುವ ಬಿಸಿಜಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾವೇಲೆಂಟ್. ಅದರ ಒಂದೇ ಸೂಜಿಯಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹಿಬ್ ಮತ್ತು ಹೆಪಟೈಟಿಸ್ ಬಿ ಐದೂ ಇವೆ. ನ್ಯುಮೋಕಾಕಸ್ಸಿನ ಪಿಸಿವಿ ಆರು ಮತ್ತು ಹದಿನಾಲ್ಕು ವಾರಕ್ಕೆ, ಅದರ ಬೂಸ್ಟರ್ ಒಂಬತ್ತು ತಿಂಗಳಿಗೆ. 16ರಿಂದ 24 ತಿಂಗಳೊಳಗೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರರದ್ದು) ಮೊದಲ ಬೂಸ್ಟರ್, ಐದರಿಂದ ಆರು ವರ್ಷಕ್ಕೆ ಎರಡನೆಯದು. ಹತ್ತಕ್ಕೆ ಮತ್ತು ಹದಿನಾರಕ್ಕೆ ಟಿಡಿ, ಅಂದರೆ ಧನುರ್ವಾಯು ಮತ್ತು ಗಂಟಲಮಾರಿಯದ್ದು. ಪೆಂಟಾವೇಲೆಂಟ್ ದೇಶದಲ್ಲಿ ಮೊದಲು ಬಂದದ್ದು 2011ರ ಡಿಸೆಂಬರಿನಲ್ಲಿ, ಕೇರಳ ಮತ್ತು ತಮಿಳುನಾಡಿಗೆ. ಪಿಸಿವಿ ದೇಶದ ಎಲ್ಲ ಕಡೆ ಸಿಗತೊಡಗಿದ್ದು 2021ರಲ್ಲಿ. ಹಾಗಾಗಿ ಅದಕ್ಕಿಂತ ಮೊದಲು ಹುಟ್ಟಿದ ಅಣ್ಣನ ಕಾರ್ಡಿನಲ್ಲಿ ಪಿಸಿವಿ ಇಲ್ಲವೆಂದು ಯಾರನ್ನೂ ದೂರಬೇಕಾಗಿಲ್ಲ.

ದಿನ ಎಣಿಸುವುದು

ಆರು ವಾರ ಅಂದರೆ 42 ದಿನ. ‘ಒಂದೂವರೆ ತಿಂಗಳು’ ಎಂದು ಅಂದಾಜು ಮಾಡಿದರೆ ಮೂರು ದಿನ ಆಚೆ ಹೋಗುತ್ತದೆ, ಆ ವಾರದ ಲಸಿಕೆಯ ದಿನ ತಪ್ಪಿ ಹೋಗುತ್ತದೆ. ಹತ್ತು ವಾರ 70 ದಿನ, ಹದಿನಾಲ್ಕು ವಾರ 98 ದಿನ. ಜೂನ್ 1ಕ್ಕೆ ಹುಟ್ಟಿದ ಮಗುವಿಗೆ ಜುಲೈ 13, ಆಗಸ್ಟ್ 10, ಸೆಪ್ಟೆಂಬರ್ 7. ಇವು ಲಸಿಕೆ ಕೊಡಬಹುದಾದ ಮೊದಲ ದಿನಗಳು. ಅದಕ್ಕಿಂತ ಮೊದಲು ಕೊಟ್ಟರೆ ಡೋಸು ಲೆಕ್ಕಕ್ಕೆ ಬರುವುದಿಲ್ಲ. ಒಂದೆರಡು ದಿನ ತಡವಾದರೆ ತೊಂದರೆಯಿಲ್ಲ. ಹಾಗೆಂದು ಆರು ವಾರದ ಡೋಸನ್ನು ‘ಮಗು ಸ್ವಲ್ಪ ಗಟ್ಟಿಯಾಗಲಿ’ ಎಂದು ಮುಂದೆ ಹಾಕುತ್ತಾ ಹೋಗುವುದು ತಪ್ಪು. ನಾಯಿಕೆಮ್ಮು ಕೊಲ್ಲುವುದು ಮುಖ್ಯವಾಗಿ ಆರು ತಿಂಗಳೊಳಗಿನ ಮಕ್ಕಳನ್ನು. ಆ ವಯಸ್ಸಿನಲ್ಲಿ ಕೆಮ್ಮಿನ ಕೊನೆಗೆ ಬರುವ ಊಳಿಡುವ ಸದ್ದೂ ಹಲವು ಸಲ ಇರುವುದಿಲ್ಲ, ಮಗು ಉಸಿರು ಕಟ್ಟಿ ನೀಲಿಯಾಗುತ್ತದೆ, ಅಷ್ಟೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೂ ಹುಟ್ಟಿದ ದಿನದಿಂದಲೇ ಎಣಿಕೆ. ಹೆರಿಗೆಗೆ ಕೊಟ್ಟ ತಾರೀಕಿನಿಂದ ಅಲ್ಲ.

ಪೆಂಟಾ ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ, ಅಂದರೆ ಪೂರ್ತಿ 28 ದಿನ ಇರಬೇಕು. ಗಡಿಯ ಪೇಚು ಇರುವುದು ಇಲ್ಲಿ. ಕೇರಳದ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಚುಚ್ಚುಮದ್ದಿನ ದಿನ ಬುಧವಾರ, ಕರ್ನಾಟಕದಲ್ಲಿ ಗುರುವಾರ. ಅಜ್ಜಿಮನೆಯಲ್ಲಿ ಗುರುವಾರ ಮೊದಲ ಪೆಂಟಾ ಹಾಕಿಸಿಕೊಂಡು, ನಾಲ್ಕನೇ ವಾರ ಮಂಜೇಶ್ವರದ ಕಡೆ ಬುಧವಾರ ಹೋದರೆ ಆಗಿರುವುದು 27 ದಿನ. ಒಂದು ದಿನ ಕಡಿಮೆ. ಸಿಸ್ಟರ್ ‘ಮುಂದಿನ ಬುಧವಾರ ಬನ್ನಿ’ ಎಂದು ಕಳಿಸಿದರೆ ಸಿಟ್ಟಾಗಬೇಡಿ, ಅವರು ಮಾಡುವುದು ಸರಿ. ಈಚೆಯಿಂದ ಆಚೆ ಹೋಗುವಾಗ ಈ ತೊಂದರೆ ಇಲ್ಲ, ಬುಧವಾರದಿಂದ ಗುರುವಾರಕ್ಕೆ 29 ದಿನವಾಗುತ್ತದೆ. ಆದ್ದರಿಂದ ಊರು ಬದಲಿಸುವ ತಿಂಗಳಲ್ಲಿ ಎರಡು ದಾರಿ: ಆಚೆಯೇ ಗುರುವಾರದ ಡೋಸು ಮುಗಿಸಿ ಹೊರಡುವುದು, ಇಲ್ಲವೇ ಐದನೇ ವಾರದ ಬುಧವಾರ ಎಂದು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳುವುದು. ನಂತರದ ಡೋಸಿನ ಎಣಿಕೆ ಹುಟ್ಟಿದ ದಿನದಿಂದಲ್ಲ, ಹಿಂದಿನ ಡೋಸು ನಿಜಕ್ಕೂ ಕೊಟ್ಟ ದಿನದಿಂದ.

ಕಾರ್ಡು ಎರಡಾಗುವುದು ಇನ್ನೊಂದು ಗೋಳು. ಮಂಗಳೂರಿನ ಆಸ್ಪತ್ರೆಯ ಪುಸ್ತಕ ಒಂದು, ಆಶಾ ಕಾರ್ಯಕರ್ತೆ ಕೊಟ್ಟ ತಾಯಿ–ಮಗುವಿನ ಕಾರ್ಡು ಇನ್ನೊಂದು. ಇಲ್ಲಿಗೆ ಬಂದ ಮೊದಲ ವಾರದಲ್ಲೇ ಹತ್ತಿರದ ಜನಕೀಯ ಆರೋಗ್ಯ ಕೇಂದ್ರಕ್ಕೋ ಕುಟುಂಬ ಆರೋಗ್ಯ ಕೇಂದ್ರಕ್ಕೋ ಎರಡನ್ನೂ ಒಯ್ದು, ಆಚೆ ಕೊಟ್ಟ ಪ್ರತಿ ಡೋಸಿನ ತಾರೀಕನ್ನು ಇಲ್ಲಿಯ ಕಾರ್ಡಿಗೆ ಏರಿಸಿಕೊಳ್ಳಿ. ಯು-ವಿನ್‌ನಲ್ಲಿ (ಲಸಿಕೆ ಬರೆದಿಡುವ ಸರಕಾರದ ಆನ್‌ಲೈನ್ ಪಟ್ಟಿ) ದಾಖಲಾಗಿದ್ದರೆ ಯಾವ ಮೊಬೈಲ್ ನಂಬರಿಗೆ ಎಂದು ಕೇಳಿಟ್ಟುಕೊಳ್ಳಿ. ಬಾಣಂತನದ ಕಾಲದಲ್ಲಿ ಅಜ್ಜನ ನಂಬರೋ ಮಾವನ ನಂಬರೋ ಕೊಟ್ಟಿರುತ್ತಾರೆ, ಆಮೇಲೆ ತಾಯಿಯ ನಂಬರಿನಲ್ಲಿ ಹುಡುಕಿದರೆ ಮಗು ಸಿಗುವುದಿಲ್ಲ. ಕಾರ್ಡಿನ ಪ್ರತಿ ಪುಟದ ಫೋಟೋ ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇರಲಿ.

ಈಚೆಯ ಕಾರ್ಡು, ಭಿತ್ತಿಪತ್ರ ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಅದರಲ್ಲಿ ತೊಂಡಮುಳ್ಳು ಎಂದಿದ್ದರೆ ಗಂಟಲಮಾರಿ, ವಿಲ್ಲನ್ ಚುಮ ಎಂದರೆ ನಾಯಿಕೆಮ್ಮು. ಅರ್ಥವಾಗದಿದ್ದರೂ ತಲೆಯಾಡಿಸಿ ಬರಬೇಡಿ. ಹೊರಡುವ ಮುಂಚೆ ನಾಲ್ಕು ವಿಷಯ ಕೇಳಿ ತಿಳಿಯಬೇಕು: ಇವತ್ತು ಯಾವುದು ಕೊಟ್ಟಿರಿ, ಮುಂದಿನದು ಯಾವಾಗ, ಏನೇನು ಆಗಬಹುದು, ಆದರೆ ಏನು ಮಾಡಬೇಕು.

ಬಿಸಿಜಿ: ಆಸ್ಪತ್ರೆ ಬಿಡುವ ಮೊದಲು ನೋಡಿ

ಬಿಸಿಜಿಯ ಒಂದು ಸೀಸೆಯಲ್ಲಿ ಹತ್ತು ಡೋಸು. ಬೆರೆಸಿದ ನಾಲ್ಕು ಗಂಟೆಯೊಳಗೆ ಮುಗಿಯದ್ದನ್ನು ಎಸೆಯಬೇಕು. ಹಾಗಾಗಿ ಹಲವು ಕಡೆ ಮಕ್ಕಳನ್ನು ಒಟ್ಟು ಸೇರಿಸಿ ನಿಗದಿಯಾದ ದಿನವೇ ಕೊಡುತ್ತಾರೆ. ನಿಮ್ಮ ಡಿಸ್ಚಾರ್ಜ್ ಅದಕ್ಕಿಂತ ಮೊದಲೇ ಆದರೆ ಅದು ಬಿಟ್ಟು ಹೋಗುತ್ತದೆ, ‘ಹುಟ್ಟಿದಾಗಿನ ಚುಚ್ಚುಮದ್ದು ಆಗಿದೆ’ ಎಂಬ ಮಾತು ಮಾತ್ರ ಉಳಿಯುತ್ತದೆ. ಚೀಟಿಯಲ್ಲಿ ಬಿಸಿಜಿ ಎಂಬ ಅಕ್ಷರ, ಅದರ ಮುಂದೆ ತಾರೀಕು ಇದೆಯೇ ಎಂದು ನೋಡಿಯೇ ಹೊರಡಿ. ಇಲ್ಲದಿದ್ದರೆ ಮಗುವಿಗೆ ಒಂದು ವರ್ಷ ತುಂಬುವವರೆಗೂ ಹಾಕಿಸಬಹುದು, ಆದರೆ ಬೇಗ ಆದಷ್ಟು ಒಳ್ಳೆಯದು. ಬಿಸಿಜಿಯ ದೊಡ್ಡ ಉಪಕಾರ ಎಳೆಯ ಮಕ್ಕಳ ಮೆದುಳಿಗೆ ಹತ್ತುವ, ಮೈಯೆಲ್ಲ ಹರಡುವ ಕ್ಷಯವನ್ನು ತಡೆಯುವುದು. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಅದು ಅಷ್ಟು ಗಟ್ಟಿಯಾದ ತಡೆಯಲ್ಲ.

ಮಗುವಿಗೆ ಒಂದು ತಿಂಗಳು ತುಂಬುವವರೆಗೆ 0.05 ಮಿ.ಲೀ., ಆಮೇಲಾದರೆ 0.1 ಮಿ.ಲೀ. ಎಡ ತೋಳಿನ ಮೇಲ್ಭಾಗದಲ್ಲಿ, ಚರ್ಮದ ಪದರದೊಳಗೇ. ಸರಿಯಾಗಿ ಕೊಟ್ಟಾಗ ಕಣ್ಣಿಗೇ ಗೊತ್ತಾಗುತ್ತದೆ: ಸೂಜಿಯ ತುದಿಯಲ್ಲಿ ಚರ್ಮ ಬೆಳ್ಳಗೆ ಉಬ್ಬಿ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಕಾಣುತ್ತದೆ. ಆ ಉಬ್ಬು ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಅದೇ ಜಾಗದಲ್ಲಿ ಕೆಂಪು ಗುಳ್ಳೆ ಏಳುತ್ತದೆ, ನಿಧಾನಕ್ಕೆ ದೊಡ್ಡದಾಗಿ ಒಡೆದು ಚೂರು ಕೀವು ಬರುತ್ತದೆ, ಹಕ್ಕಳೆಗಟ್ಟುತ್ತದೆ, ಮೂರು ತಿಂಗಳ ಹೊತ್ತಿಗೆ ಕಲೆಯಾಗಿ ಮಾಯುತ್ತದೆ. ಅಜ್ಜಿಯರಿಗೆ ಗಾಬರಿಯಾಗುವುದು ಕೀವು ಬಂದಾಗ, ಅರಿಶಿನ, ತೆಂಗಿನೆಣ್ಣೆ, ಮುಲಾಮು ಎಲ್ಲ ಆಗಲೇ ಹೊರಬರುತ್ತವೆ. ಯಾವುದೂ ಬೇಡ. ಹಿಸುಕಬೇಡಿ, ಪಟ್ಟಿ ಕಟ್ಟಬೇಡಿ. ಸ್ನಾನ ಮಾಡಿಸಿ, ನೀರು ಒತ್ತಿ ತೆಗೆಯಿರಿ, ಸಾಕು. ಎಣ್ಣೆ ಹಚ್ಚಿ ಮೀಯಿಸುವಾಗ ಆ ಜಾಗ ಬಿಟ್ಟು ತಿಕ್ಕಿ. ಎಡ ಕಂಕುಳಲ್ಲಿ ಗೆಡ್ಡೆ ದೊಡ್ಡದಾಗುತ್ತಿದ್ದರೆ, ಮೆತ್ತಗಾಗಿ ಕೀವು ತುಂಬಿದಂತೆ ಕಂಡರೆ ಮಾತ್ರ ವೈದ್ಯರಿಗೆ ತೋರಿಸಿ. ಕಲೆ ಬೀಳಲಿಲ್ಲವೆಂದು ಇನ್ನೊಮ್ಮೆ ಹಾಕಿಸುವ ಅಗತ್ಯವಿಲ್ಲ.

ಕೇಂದ್ರದಲ್ಲಿ

ಹಸಿದ ಮಗುವನ್ನು ಕರೆದೊಯ್ಯಬೇಡಿ. ತೊಡೆ ಸುಲಭವಾಗಿ ತೆರೆಯುವ ಬಟ್ಟೆ ಹಾಕಿ. ಪೆಂಟಾ 0.5 ಮಿ.ಲೀ. ಎಡ ತೊಡೆಯ ಮುಂಬದಿಯ ಹೊರಭಾಗಕ್ಕೆ, ಪಿಸಿವಿ 0.5 ಮಿ.ಲೀ. ಬಲ ತೊಡೆಗೆ. ಪೃಷ್ಠಕ್ಕೆ ಕೊಡುವುದಿಲ್ಲ, ಅಲ್ಲಿ ನರಕ್ಕೆ ತಾಗುವ ಅಪಾಯವಿದೆ, ಕೊಬ್ಬಿನಲ್ಲಿ ನಿಂತ ಮದ್ದು ಸರಿಯಾಗಿ ಹತ್ತುವುದೂ ಇಲ್ಲ. ಯಾವ ಲಸಿಕೆ ಯಾವ ಕಾಲಿಗೆ ಎಂದು ನೆನಪಿಟ್ಟುಕೊಂಡರೆ ಆಮೇಲೆ ಬಾವು ಬಂದಾಗ ಯಾವುದರಿಂದ ಎಂದು ಹೇಳಬಹುದು. ಒಂದೇ ದಿನ ಎರಡು ಮೂರು ಸೂಜಿ ಬೇಡ, ಒಂದನ್ನು ಮುಂದಿನ ವಾರ ಕೊಡಿ ಎಂದು ಕೇಳುವವರಿದ್ದಾರೆ. ಮಗುವಿನ ದೇಹಕ್ಕೆ ಅದು ಹೊರೆಯಲ್ಲ. ಬಿಡಿಸಿದ ಡೋಸು ಮರೆತು ಹೋಗುವುದೇ ಹೆಚ್ಚು, ಮಗು ಅಳುವ ದಿನವೂ ಒಂದರ ಬದಲು ಎರಡಾಗುತ್ತದೆ.

ಮಗುವನ್ನು ಮಡಿಲಲ್ಲಿ ಕೂರಿಸಿ ಮೊಣಕಾಲಿನ ಹತ್ತಿರ ಗಟ್ಟಿಯಾಗಿ ಹಿಡಿಯಿರಿ. ಕಾಲು ಒದರಿದರೆ ಸೂಜಿ ಸ್ನಾಯುವಿಗೆ ಸರಿಯಾಗಿ ಇಳಿಯುವುದಿಲ್ಲ. ಹಾಲು ಕುಡಿಸುತ್ತಲೇ ಚುಚ್ಚಿಸಿಕೊಳ್ಳಬಹುದು, ಅಳು ಬೇಗ ನಿಲ್ಲುತ್ತದೆ.

ಮದ್ದು ಸರಿಯಿದೆಯೇ ಎಂದು ತಾಯಿಯೂ ನೋಡಬಹುದು. ಪೆಂಟಾ ಸೀಸೆಯ ಚೀಟಿಯ ಮೇಲೆ ನೇರಳೆ ಬಣ್ಣದ ಒಂದು ಪುಟ್ಟ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತೆಳು ಬಣ್ಣದ್ದಾಗಿದ್ದರೆ ಸರಿ. ಸೆಕೆ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಬರುತ್ತದೆ, ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆ ಬಳಸುವಂತಿಲ್ಲ. ಆದರೆ ಈ ಗುರುತು ತೋರಿಸುವುದು ಬಿಸಿಯನ್ನು ಮಾತ್ರ. ಪೆಂಟಾ, ಪಿಸಿವಿ, ಡಿಪಿಟಿ, ಟಿಡಿಗಳಿಗೆ ಹೆಪ್ಪುಗಟ್ಟುವುದೂ ಅಷ್ಟೇ ಕೆಡುಕು. ಮಂಜುಗಡ್ಡೆಗೆ ತಾಗಿಕೊಂಡು ಹೆಪ್ಪಾದ ಮದ್ದು ಕರಗಿದ ಮೇಲೂ ಕೆಲಸಕ್ಕೆ ಬಾರದು, ಅದನ್ನು ಗುರುತಿಸಲು ಸಿಬ್ಬಂದಿ ಸೀಸೆ ಕುಲುಕಿ ನೋಡುವ ಪರೀಕ್ಷೆ ಮಾಡುತ್ತಾರೆ. ಖಾಸಗಿ ಅಂಗಡಿಯಿಂದ ಲಸಿಕೆ ಕೊಂಡು ತಂದು ಹಾಕಿಸುವವರು, ಐಸ್ ತುಂಡುಗಳ ನಡುವೆ ಹುಗಿದು ತಂದರೆ ಹೆಚ್ಚು ಸುರಕ್ಷಿತ ಎಂದು ತಿಳಿಯುವುದು ಈ ಕಾರಣಕ್ಕೇ ತಪ್ಪು. 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು, ಸೊನ್ನೆ ಅಲ್ಲ. ಆಗಲೇ ತೆರೆದ ಪೆಂಟಾ ಸೀಸೆಯಿಂದ ತೆಗೆದರೆ ಹೆದರಬೇಡಿ. ತೆರೆದ ತಾರೀಕು ಬರೆದಿಟ್ಟು, ಸರಿಯಾದ ತಂಪಿನಲ್ಲಿಟ್ಟರೆ 28 ದಿನದವರೆಗೆ ಬಳಸಲು ನಿಯಮವಿದೆ. ಸಿರಿಂಜು ಮಾತ್ರ ಪ್ರತಿ ಮಗುವಿಗೆ ಹೊಸದು, ಒಮ್ಮೆ ಒತ್ತಿದರೆ ತಾನಾಗಿ ಲಾಕ್ ಆಗುವಂಥದ್ದು.

ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಬಸ್ಸು ತಪ್ಪುತ್ತದೆಂದು ಎದ್ದು ಹೋಗುವವರೇ ಬಹಳ. ತೀವ್ರ ಅಲರ್ಜಿ ತೀರಾ ಅಪರೂಪ, ಆದರೆ ಬಂದರೆ ಹೆಚ್ಚಾಗಿ ಆ ಅರ್ಧ ಗಂಟೆಯೊಳಗೆ ಬರುತ್ತದೆ, ಅದಕ್ಕೆ ಬೇಕಾದ ಅಡ್ರಿನಾಲಿನ್ ಇರುವುದು ಕೇಂದ್ರದಲ್ಲಿ, ಬಸ್ಸಿನಲ್ಲಲ್ಲ.

ನೆಗಡಿ, ಸಣ್ಣ ಕೆಮ್ಮು, ಮೈ ಸ್ವಲ್ಪ ಬೆಚ್ಚಗಿರುವುದು, ಭೇದಿ, ಆ್ಯಂಟಿಬಯಾಟಿಕ್ ಕುಡಿಯುತ್ತಿರುವುದು, ಇವು ಯಾವುದೂ ಮುಂದೂಡಲು ಕಾರಣವಲ್ಲ. ಜೋರು ಜ್ವರದಿಂದ ಮಲಗಿದ ಮಗುವಿಗೆ ಗುಣವಾಗುವವರೆಗೆ ಕಾಯಬಹುದು. ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆಗಿದ್ದರೆ, ಏಳು ದಿನದೊಳಗೆ ಮೆದುಳಿಗೆ ಸಂಬಂಧಿಸಿದ ಗಂಭೀರ ತೊಂದರೆ ಬಂದಿದ್ದರೆ, ರೋಗನಿರೋಧಕ ಶಕ್ತಿಯ ಹುಟ್ಟು ದೋಷವಿದ್ದರೆ ಮೊದಲು ವೈದ್ಯರಿಗೆ ತಿಳಿಸಿ.

ಆ ರಾತ್ರಿಯ ಜ್ವರ

ಪೆಂಟಾ, ಡಿಪಿಟಿ ಹಾಕಿಸಿದ ಸಂಜೆಯೇ ಜ್ವರ ಬರಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ನಾಯಿಕೆಮ್ಮಿನ ಇಡೀ ಬ್ಯಾಕ್ಟೀರಿಯಾವನ್ನು ನಿರ್ಜೀವಗೊಳಿಸಿ ಸೇರಿಸಿರುವುದೇ ಇದಕ್ಕೆ ಮುಖ್ಯ ಕಾರಣ. ಜ್ವರ ಬರುವ ಮೊದಲೇ ಪ್ಯಾರಸಿಟಮಾಲ್ ಕುಡಿಸಿ ಕರೆದೊಯ್ಯಬೇಡಿ, ಕೆಲವು ಲಸಿಕೆಗಳಿಗೆ ದೇಹ ಕೊಡುವ ಪ್ರತಿಕ್ರಿಯೆ ಅದರಿಂದ ಕುಗ್ಗುತ್ತದೆ. ಜ್ವರ ಬಂದು ಮಗು ಕಿರಿಕಿರಿ ಮಾಡಿದರೆ ಕೊಡಿ. ಪ್ರಮಾಣ ಒಂದು ಕಿಲೋ ತೂಕಕ್ಕೆ 10ರಿಂದ 15 ಮಿ.ಗ್ರಾಂ., ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಮೂರು ತಿಂಗಳೊಳಗಿನ ಮಗುವಿಗಾದರೆ ಸಿಸ್ಟರನ್ನೋ ವೈದ್ಯರನ್ನೋ ಕೇಳಿ ಪ್ರಮಾಣ ಬರೆಸಿಕೊಂಡೇ ಕೊಡಿ.

ಅನಾಹುತವಾಗುವುದು ಡ್ರಾಪ್ಸ್ ಮತ್ತು ಸಿರಪ್ ಅದಲು ಬದಲಾದಾಗ. ಮಕ್ಕಳ ಡ್ರಾಪ್ಸ್ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ., ಸಿರಪ್ ಐದು ಮಿ.ಲೀ.ಗೆ 125. ಐದು ಕಿಲೋ ಮಗುವಿಗೆ ಬೇಕಾದ 50ರಿಂದ 75 ಮಿ.ಗ್ರಾಂ. ಅಂದರೆ ಡ್ರಾಪ್ಸ್‌ನಲ್ಲಿ ಅರ್ಧದಿಂದ ಮುಕ್ಕಾಲು ಮಿ.ಲೀ., ಸಿರಪ್ಪಿನಲ್ಲಿ ಎರಡರಿಂದ ಮೂರು ಮಿ.ಲೀ. ‘ಅರ್ಧ ಚಮಚ’ ಎಂಬ ನೆನಪಿನ ಮೇಲೆ ಡ್ರಾಪ್ಸನ್ನೇ ಎರಡೂವರೆ ಮಿ.ಲೀ. ಕುಡಿಸಿದರೆ 250 ಮಿ.ಗ್ರಾಂ. ಹೋಯಿತು. ಹಾಗಾಗಿ ಬಾಟಲಿಯ ಮೇಲಿನ ಅಂಕಿ ಓದಿ, ಅದರದ್ದೇ ಡ್ರಾಪರಿನಲ್ಲಿ ಅಳೆಯಿರಿ. ಅಣ್ಣನಿಗೆ ತಂದಿಟ್ಟ 250ರ ಸಿರಪ್ ಪಕ್ಕದಲ್ಲಿದ್ದರೆ ಬೇರೆ ಕಡೆ ಎತ್ತಿಡಿ. ಆಸ್ಪಿರಿನ್ ಕೊಡಲೇಬಾರದು.

ಚುಚ್ಚಿದ ಜಾಗ ಕೆಂಪಾಗಿ ಊದಿಕೊಂಡರೆ ತಣ್ಣೀರುಬಟ್ಟೆ ಇಡಿ. ಬಿಸಿ ಶಾಖ, ನೀವುವುದು ಬೇಡ. ಒಳಗೆ ಕಡಲೆಯಷ್ಟು ಗಟ್ಟಿ ಗಂಟು ನೋವಿಲ್ಲದೆ ಕೆಲವು ವಾರ ಉಳಿಯಬಹುದು, ತಾನಾಗಿ ಕರಗುತ್ತದೆ. ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಮೆತ್ತಗೆ ಕೀವಾದರೆ ತೋರಿಸಿ. ಮೂರು ಗಂಟೆ ಬಿಡದೆ ಅಳು, ಫಿಟ್ಸ್, ಮಗು ಸೋತು ಬಿಳಿಚಿಕೊಳ್ಳುವುದು, ಉಸಿರಾಟದ ಕಷ್ಟ, ಎರಡು ದಿನ ದಾಟಿದ ಜ್ವರ, ಇವಕ್ಕೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಿ, ಕಾರ್ಡು ಕೈಯಲ್ಲಿರಲಿ. ಏನಾಯಿತೆಂದು ಆಶಾ ಕಾರ್ಯಕರ್ತೆಗೂ ತಿಳಿಸಿ, ಮುಂದಿನ ಡೋಸು ನಿರ್ಧರಿಸಲು ಅದು ಬೇಕು.

ತಡವಾಗಿದ್ದರೆ

ಎಷ್ಟೇ ತಡವಾದರೂ ಮೊದಲಿನಿಂದ ಶುರು ಮಾಡುವುದಿಲ್ಲ, ನಿಂತಲ್ಲಿಂದ ಮುಂದುವರಿಸುವುದು. ಒಂದು ಪೆಂಟಾ ಮಾತ್ರ ಆಗಿ ಐದು ತಿಂಗಳಾಗಿದ್ದರೆ ಇವತ್ತು ಎರಡನೆಯದು, ನಾಲ್ಕು ವಾರಕ್ಕೆ ಮೂರನೆಯದು. ಪಿಸಿವಿಯ ಡೋಸುಗಳ ನಡುವೆ ಎಂಟು ವಾರ ಬೇಕು. ಗಡಿ ಇರುವುದು ಮೊದಲ ಹುಟ್ಟುಹಬ್ಬದಲ್ಲಿ: ಅದಕ್ಕೆ ಮೊದಲು ಪೆಂಟಾ, ಪಿಸಿವಿ ಒಂದು ಡೋಸಾದರೂ ಆಗಿದ್ದರೆ ಆಮೇಲೂ ಅದರಲ್ಲೇ ಮುಗಿಸಬಹುದು. ಒಂದೂ ಆಗಿರದಿದ್ದರೆ ಸರಕಾರಿ ಪಟ್ಟಿಯಲ್ಲಿ ಪೆಂಟಾ ಬದಲು ಡಿಪಿಟಿ ಮೂರು ಡೋಸು, ನಾಲ್ಕು ನಾಲ್ಕು ವಾರದ ಅಂತರದಲ್ಲಿ, ಮೂರನೆಯದರಿಂದ ಆರು ತಿಂಗಳಿಗೆ ಬೂಸ್ಟರ್. ಏಳು ವರ್ಷ ತುಂಬಿದ ಮೇಲೆ ಡಿಪಿಟಿ ಇಲ್ಲ, ಟಿಡಿ ಮಾತ್ರ. ಅಂದರೆ ನಾಯಿಕೆಮ್ಮಿನ ರಕ್ಷಣೆ ಸರಕಾರಿ ಕೇಂದ್ರದಲ್ಲಿ ಆಮೇಲೆ ಸಿಗದು.

ಮಂಗಳೂರಿನ ಖಾಸಗಿ ವೈದ್ಯರಲ್ಲಿ ಹಾಕಿಸಿದವರ ಪುಸ್ತಕದಲ್ಲಿ ಹೆಕ್ಸಾಕ್ಸಿಮ್, ಇನ್‌ಫ್ಯಾನ್ರಿಕ್ಸ್ ಹೆಕ್ಸಾ, ಪ್ರಿವೆನಾರ್ ಎಂಬ ಬ್ರ್ಯಾಂಡ್ ಸ್ಟಿಕ್ಕರು ಮಾತ್ರ ಇರುತ್ತದೆ. ಮೊದಲೆರಡರಲ್ಲಿ ಪೆಂಟಾದ ಐದರ ಜೊತೆ ಇಂಜೆಕ್ಷನ್ ಪೋಲಿಯೊ ಸೇರಿದೆ, ಪ್ರಿವೆನಾರ್ ಅಂದರೆ ಪಿಸಿವಿ. ಇಲ್ಲಿಗೆ ಬಂದಾಗ ಅದನ್ನು ತೋರಿಸಿ ಹೇಳದಿದ್ದರೆ ಅದೇ ಡೋಸು ಮತ್ತೆ ಬೀಳುವ ಸಂಭವವಿದೆ. ಖಾಸಗಿಯಲ್ಲಿ ಶುರು ಮಾಡಿ ಸರಕಾರಿಯಲ್ಲಿ ಮುಗಿಸಬಹುದು. ‘ನೋವಿಲ್ಲದ್ದು’ ಎಂದು ದುಡ್ಡು ಕೊಟ್ಟು ಹಾಕಿಸುವ ಲಸಿಕೆಯಲ್ಲಿ ಜ್ವರ ಕಡಿಮೆ, ನಿಜ. ಆದರೆ ಅದರ ನಾಯಿಕೆಮ್ಮಿನ ರಕ್ಷಣೆ ಬೇಗ ಇಳಿಯುತ್ತದೆ, ಸರಕಾರಿ ಲಸಿಕೆ ಕೀಳೆಂಬ ಮಾತಿಗೆ ಆಧಾರವಿಲ್ಲ. ದುಡ್ಡು ಖರ್ಚು ಮಾಡುವುದೇ ಆದರೆ ಸರಕಾರಿ ಪಟ್ಟಿಯಲ್ಲಿಲ್ಲದ ಟೈಫಾಯ್ಡ್ ಕಾಂಜುಗೇಟ್ ಲಸಿಕೆಗೆ ಮಾಡಿ. ಆರು ತಿಂಗಳು ತುಂಬಿದ ಮಗುವಿಗೆ ಒಂದೇ ಡೋಸು.

ನಡೆಯಲು ಕಲಿತ ಮೇಲೆ ಮರೆತುಹೋಗುವವು

ಮೊದಲು ಜಾರುವುದು ಒಂಬತ್ತು ತಿಂಗಳ ಪಿಸಿವಿ ಬೂಸ್ಟರ್. ಆ ಭೇಟಿಯನ್ನು ಎಲ್ಲರೂ ‘ದಡಾರದ ಚುಚ್ಚುಮದ್ದು’ ಎಂದೇ ಕರೆಯುತ್ತಾರೆ, ದಡಾರದ್ದು ಬೇರೆಲ್ಲೋ ಆಗಿದ್ದರೆ ಪಿಸಿವಿ ಕೇಳುವವರಿಲ್ಲ. ಆಮೇಲೆ ಡಿಪಿಟಿ ಬೂಸ್ಟರುಗಳು. ಗಂಟಲಮಾರಿ, ಧನುರ್ವಾಯು ಕೆಡುಕು ಮಾಡುವುದು ಬ್ಯಾಕ್ಟೀರಿಯಾ ಬಿಡುವ ವಿಷದಿಂದ, ಲಸಿಕೆ ಕಲಿಸುವುದು ಆ ವಿಷವನ್ನು ತಡೆಯಲು, ಆ ಶಕ್ತಿ ವರ್ಷ ಕಳೆದಂತೆ ತಗ್ಗುತ್ತದೆ. 2016ರಲ್ಲಿ ಮಲಪ್ಪುರದಲ್ಲಿ ಗಂಟಲಮಾರಿ ಮತ್ತೆ ಕಾಣಿಸಿಕೊಂಡಿತ್ತು, ದೂರದ ಕಾಲದ ಕಾಯಿಲೆ ಎಂದು ಬಿಡುವಂತಿಲ್ಲ. ಗಂಟಲಲ್ಲಿ ಬೂದು ಪೊರೆ ಕಟ್ಟಿ ಕತ್ತು ಊದಿದ ಮೇಲೆ ಕೊಡುವ ಪ್ರತಿವಿಷ, ಆಗಲೇ ಹೃದಯಕ್ಕೂ ನರಕ್ಕೂ ಹತ್ತಿದ ವಿಷವನ್ನು ಬಿಡಿಸದು.

ಧನುರ್ವಾಯುವಿನ ವಿಷಯದಲ್ಲಿ ಊರಿಗೆಲ್ಲ ಲಸಿಕೆಯಾಗಿದೆ ಎಂಬ ಧೈರ್ಯವೂ ಉಪಯೋಗಕ್ಕಿಲ್ಲ. ಅದು ಒಬ್ಬರಿಂದ ಒಬ್ಬರಿಗೆ ಹರಡುವುದಲ್ಲ, ಮಣ್ಣಲ್ಲಿ, ಸೆಗಣಿಯಲ್ಲಿ ಇರುವುದು. ಹಟ್ಟಿಗೊಬ್ಬರ ಹಾಕಿದ ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡುವ ಮಗುವನ್ನು ಕಾಯುವುದು ಅದರದ್ದೇ ಡೋಸು. ಒಮ್ಮೆ ಬಂದು ವಾಸಿಯಾದರೂ ಮತ್ತೆ ಬರಬಹುದು, ಕಾಯಿಲೆಯಿಂದ ಪ್ರತಿರೋಧ ಹುಟ್ಟುವುದಿಲ್ಲ.

ಎರಡನೇ ಡಿಪಿಟಿ ಬೂಸ್ಟರನ್ನು ಒಂದನೇ ಕ್ಲಾಸಿಗೆ ಸೇರಿಸುವ ವರ್ಷಕ್ಕೆ ಕಟ್ಟಿಕೊಳ್ಳಿ, ಎಡ ತೋಳಿಗೆ ಕೊಡುತ್ತಾರೆ. ಒಂದೆರಡು ದಿನ ತೋಳು ಊದಿ ನೋಯುತ್ತದೆ, ಪರೀಕ್ಷೆಯ ಹಿಂದಿನ ದಿನ ಬೇಡ. ಹತ್ತು ಮತ್ತು ಹದಿನಾರರ ಟಿಡಿಯನ್ನು ಶಾಲೆಗೆ ಬಂದು ಹಾಕುವುದುಂಟು, ಆ ದಿನ ಮಗು ರಜೆಯಲ್ಲಿದ್ದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ಗಾಯಕ್ಕೆಂದು ಹಾಕಿಸಿದ್ದನ್ನೂ ಸೇರಿಸಿ, ಶಾಲೆಯಲ್ಲಿ ಕೊಟ್ಟ ಚೀಟಿಯನ್ನು ಅದೇ ಹಳೆ ಕಾರ್ಡಿಗೆ ಅಂಟಿಸಿ. 2019ರಿಂದ, ಧನುರ್ವಾಯುವಿಗೆ ಮಾತ್ರ ಇದ್ದ ಟಿಟಿಯ ಜಾಗದಲ್ಲಿ ಗಂಟಲಮಾರಿಯ ಅಂಶವೂ ಸೇರಿದ ಟಿಡಿ ಬಂದಿದೆ, ಚೀಟಿಯಲ್ಲಿ ಟಿಟಿ ಎಂದು ಬರೆದಿದ್ದರೆ ಯಾವುದು ಕೊಟ್ಟದ್ದೆಂದು ಆಗಲೇ ಕೇಳಿ ತಿದ್ದಿಸಿಕೊಳ್ಳಿ.